ರಾಜಕೀಯ ಚರ್ಚೆ ಬೈಗುಳಕ್ಕೆ ತಿರುಗಿದಾಗ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಆನ್‌ಲೈನ್ ರಾಜಕೀಯ ಚರ್ಚೆಗಳನ್ನು ನೋಡಿಕೊಳ್ಳುವ ಮಾಡರೇಟರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ, ರಾತ್ರಿ ಮಲಗುವಾಗ ಶಾಂತವಾಗಿದ್ದ ಥ್ರೆಡ್‌ನಲ್ಲಿ (ಒಂದು ಪೋಸ್ಟ್ ಮತ್ತು ಅದರ ಕೆಳಗಿನ ಕಮೆಂಟ್‌ಗಳ ಸರಣಿಯಲ್ಲಿ) ಇನ್ನೂರು ಕಮೆಂಟ್, ಹದಿನೈದು ರಿಪೋರ್ಟ್. ಗಾಬರಿಯಲ್ಲಿ ಒಂದಷ್ಟು ಡಿಲೀಟ್ ಮಾಡುತ್ತೇವೆ, ಇಬ್ಬರು ಮೂವರನ್ನು ಹೊರಗೆ ಹಾಕುತ್ತೇವೆ, "ದಯವಿಟ್ಟು ಸಭ್ಯತೆ ಕಾಪಾಡಿ" ಎಂದು ಒಂದು ಸಾಲು ಬರೆದು ಮುಗಿಸುತ್ತೇವೆ. ಮುಂದಿನ ವಾರ ಬೇರೆ ಥ್ರೆಡ್, ಬೇರೆ ಹೆಸರುಗಳು, ಅದೇ ಗಲಾಟೆ. ಶಾರ್ಟ್ ಎಲ್ಲಿ ಆಗುತ್ತಿದೆ ಎಂದು ನೋಡದೆ ಫ್ಯೂಸ್ ಹೋದಾಗಲೆಲ್ಲ ತಂತಿ ಬದಲಿಸುತ್ತಾ ಕೂತರೆ ಆಗುವುದು ಇಷ್ಟೇ.

ಹಲವು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿರುವ ಮಾತು ಒಂದು. ಬೈಗುಳ ಕಂಡ ಜಾಗದಲ್ಲೇ ದೋಷ ಇರುವುದು ಅಪರೂಪ. ಸಾಮಾನ್ಯವಾಗಿ ಅದು ಮೂರು ನಾಲ್ಕು ಕಮೆಂಟ್ ಮೇಲಿರುತ್ತದೆ. ಕೆಲವೊಮ್ಮೆ ಪೋಸ್ಟ್‌ನ ಶೀರ್ಷಿಕೆಯಲ್ಲೇ ಇರುತ್ತದೆ. ಕೆಲವೊಮ್ಮೆ, ಒಪ್ಪಿಕೊಳ್ಳಲು ಕಷ್ಟವಾದರೂ, ಮಾಡರೇಟರ್‌ಗಳಾದ ನಮ್ಮಲ್ಲೇ ಇರುತ್ತದೆ. ಅದನ್ನು ಹುಡುಕುವ ಕ್ರಮವನ್ನು ನಾನು ಮಾಡುವ ಅನುಕ್ರಮದಲ್ಲೇ ಹೇಳುತ್ತೇನೆ.

ಕೈ ಹಾಕುವ ಮೊದಲು

ಮೊದಲು ಥ್ರೆಡ್ ಲಾಕ್ ಮಾಡಿ. ಹೊಸ ಕಮೆಂಟ್ ಬರುವುದು ನಿಲ್ಲಲಿ, ಹಳೆಯದು ಹಾಗೇ ಇರಲಿ. ಡಿಲೀಟ್ ಗುಂಡಿಗೆ ಈಗಲೇ ಕೈ ಹಾಕಬೇಡಿ. ಅರ್ಧ ಕಮೆಂಟ್‌ಗಳನ್ನು ಅಳಿಸಿದ ಮೇಲೆ ಯಾರು ಯಾರಿಗೆ ಉತ್ತರಿಸಿದರು ಎನ್ನುವುದೇ ತಿಳಿಯುವುದಿಲ್ಲ. ಕೊನೆಗೆ ಕೂಗಾಡಿದವರು ಮಾತ್ರ ಕಾಣುತ್ತಾರೆ, ಕೆಣಕಿದವರು ಮಾಯ. ಪೂರ್ತಿ ಥ್ರೆಡ್‌ನ ಸ್ಕ್ರೀನ್‌ಶಾಟ್ ಅಥವಾ ಪ್ರತಿಯನ್ನು ಸಮಯದ ಸಮೇತ ಉಳಿಸಿಕೊಳ್ಳಿ.

ಇದಕ್ಕೆ ಅಪವಾದಗಳಿವೆ, ಅವುಗಳಲ್ಲಿ ತಡ ಮಾಡಬಾರದು. ಕೊಲೆ ಅಥವಾ ಹಲ್ಲೆಯ ಬೆದರಿಕೆ, ಯಾರದ್ದಾದರೂ ಮನೆ ವಿಳಾಸ ಅಥವಾ ಫೋನ್ ನಂಬರ್, ಲೈಂಗಿಕ ನಿಂದನೆ, ಮಕ್ಕಳ ಚಿತ್ರ: ಇವು ಕಂಡ ಕ್ಷಣವೇ ಸಾರ್ವಜನಿಕರ ಕಣ್ಣಿನಿಂದ ಮರೆಯಾಗಬೇಕು. ಕಾರಣ ಹುಡುಕುವುದು ಆಮೇಲೆ. ಬೆದರಿಕೆಗೆ ಗುರಿಯಾದವರಿಗೆ ಖಾಸಗಿಯಾಗಿ ತಿಳಿಸಿ, ಬೆದರಿಕೆಯ ಸ್ಕ್ರೀನ್‌ಶಾಟ್ ಅವರಿಗೂ ಕೊಡಿ. ಪೊಲೀಸರ ಬಳಿ ಹೋಗಬೇಕೇ ಎಂದು ತೀರ್ಮಾನಿಸುವ ಹಕ್ಕು ಅವರದ್ದು, ಹೋಗುವುದಾದರೆ ಪುರಾವೆ ಕೈಯಲ್ಲಿರಬೇಕು.

ಇದು ನಿಜಕ್ಕೂ ದೋಷವೇ?

ರಾಜಕೀಯ ಎಂದ ಮೇಲೆ ಸಿಟ್ಟು ಇರುತ್ತದೆ. ಕೆಲಸ ಕಳೆದುಕೊಂಡವರು, ಹಕ್ಕು ಕಳೆದುಕೊಂಡವರು ಮೆಲುದನಿಯಲ್ಲಿ ಮಾತಾಡಬೇಕು ಎಂದು ಬಯಸುವುದು ಅನ್ಯಾಯ. ಹಾಗಾಗಿ ಒರಟುತನವನ್ನೂ ನಿಂದನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಸಂವಹನ ಶಾಸ್ತ್ರದ ಸಂಶೋಧಕಿ ಜಿಜಿ ಪಾಪಚರಿಸಿ 2004ರಲ್ಲೇ ಈ ಗೆರೆ ಎಳೆದು ತೋರಿಸಿದ್ದರು. ಸೌಜನ್ಯ ತಪ್ಪಿದ ಮಾತು ಬೇರೆ. ಎದುರಿನವರ ಹಕ್ಕನ್ನೇ ನಿರಾಕರಿಸುವ, ಒಂದು ಸಮುದಾಯಕ್ಕೆ ಹಣೆಪಟ್ಟಿ ಹಚ್ಚುವ ಮಾತು ಬೇರೆ. ಪ್ರಜಾಪ್ರಭುತ್ವದ ಚರ್ಚೆಗೆ ಪೆಟ್ಟು ಕೊಡುವುದು ಎರಡನೆಯದು.

ಮೂರು ವಾಕ್ಯ ಪಕ್ಕಪಕ್ಕ ಇಟ್ಟು ನೋಡಿ. "ಈ ಮಸೂದೆ ಶುದ್ಧ ಮೂರ್ಖತನ." "ನೀನೊಬ್ಬ ಮೂರ್ಖ." "ನಿಮ್ಮವರ ಹಣೆಬರಹವೇ ಇಷ್ಟು, ನಿಮಗೆ ಮತ ಹಾಕುವ ಹಕ್ಕು ಯಾಕೆ ಬೇಕು?" ಮೊದಲನೆಯದು ಉಳಿಯಬೇಕು, ಎಷ್ಟೇ ರಿಪೋರ್ಟ್ ಬರಲಿ. ಎರಡನೆಯದಕ್ಕೆ ಎಚ್ಚರಿಕೆ ಸಾಕು. ಮೂರನೆಯದರಲ್ಲಿ ಒಂದೇ ಒಂದು ಕೆಟ್ಟ ಪದವಿಲ್ಲ, ಆದರೂ ಮೊದಲು ತೆಗೆಯಬೇಕಾದದ್ದು ಅದನ್ನೇ. ಅಧಿಕಾರದಲ್ಲಿರುವವರ ಮೇಲಿನ ಕಟು ಟೀಕೆಯನ್ನು "ಭಾಷೆ ಸರಿಯಿಲ್ಲ" ಎಂದು ಅಳಿಸಿದರೆ ನೀವು ಅವರ ಪರ ಕೆಲಸ ಮಾಡಿದಂತೆ ಆಗುತ್ತದೆ, ನಿಮ್ಮ ಉದ್ದೇಶ ಏನೇ ಇರಲಿ.

ಮೇಲಕ್ಕೆ ಓದುತ್ತಾ ಹೋಗಿ

ರಿಪೋರ್ಟ್ ಬಂದ ಕಮೆಂಟಿನಿಂದ ಶುರುಮಾಡಿ ಒಂದೊಂದೇ ಕಮೆಂಟ್ ಮೇಲಕ್ಕೆ ಓದಿ. ನೀವು ಹುಡುಕಬೇಕಾದದ್ದು ಒಂದೇ ಬಿಂದು: ಮಾತು ವಿಷಯವನ್ನು ಬಿಟ್ಟು ಮನುಷ್ಯನ ಕಡೆ ತಿರುಗಿದ್ದು ಎಲ್ಲಿ?

ನಾನು ನೋಡಿಕೊಳ್ಳುವ ಗುಂಪಿನ ಒಂದು ಥ್ರೆಡ್ ಹೇಗೆ ಕೆಟ್ಟಿತು ಎಂದು ತೋರಿಸುತ್ತೇನೆ. ಗುರುತು ಸಿಗದಂತೆ ಮಾತುಗಳನ್ನು ಸ್ವಲ್ಪ ಬದಲಿಸಿದ್ದೇನೆ. ಪೋಸ್ಟ್‌ನ ಪ್ರಶ್ನೆ: ಇಂಧನದ ಮೇಲಿನ ತೆರಿಗೆ ಇಳಿಸಬೇಕೇ?

ಒಬ್ಬರು: "ಇಳಿಸಲೇಬೇಕು. ಸಾಗಾಟದ ಖರ್ಚು ಇಳಿದರೆ ಎಲ್ಲದರ ಬೆಲೆಯೂ ಇಳಿಯುತ್ತದೆ."

ಇನ್ನೊಬ್ಬರು: "ಆ ಲಾಭ ಗ್ರಾಹಕರಿಗೇ ತಲುಪುತ್ತದೆ ಅನ್ನೋದಕ್ಕೆ ಏನು ಖಾತ್ರಿ? ಸರ್ಕಾರಕ್ಕೆ ಬೀಳುವ ಖೋತಾವನ್ನು ಎಲ್ಲಿಂದ ತುಂಬುತ್ತೀರಿ?"

ಮೂರನೆಯವರು: "ಓಹೋ, ನೀವು ಆ ಕಡೆಯವರಾ? ಈಗ ಗೊತ್ತಾಯ್ತು ಬಿಡಿ."

ಎರಡನೆಯವರು: "ಯಾವ ಕಡೆಯೂ ಅಲ್ಲ. ಪ್ರಶ್ನೆ ಕೇಳಿದೆ ಅಷ್ಟೇ."

ಮೂರನೆಯವರು: "ಗೊತ್ತು ಗೊತ್ತು. ನಿನ್ನಂಥವರನ್ನ ಬೇಕಾದಷ್ಟು ನೋಡಿದ್ದೀನಿ."

ನಾಲ್ಕನೆಯವರು: "ಇಂಥವರಿಗೆ ಲೆಕ್ಕ ಹೇಳಿ ಏನು ಪ್ರಯೋಜನ ಸರ್, ಇವರಿಗೆ ಸಂಬಳ ಬರೋದೇ ಇದಕ್ಕೆ."

ಎರಡನೆಯವರು: "ಮುಚ್ಚೋ ಬಾಯಿ, ನಾಯಿ."

ರಿಪೋರ್ಟ್ ಬಂದದ್ದು ಕೊನೆಯ ಸಾಲಿಗೆ ಮಾತ್ರ. ಬರೀ ಅಷ್ಟನ್ನೇ ನೋಡಿದ್ದರೆ, ಇಡೀ ಥ್ರೆಡ್‌ನಲ್ಲಿ ಉತ್ತರ ಬೇಕಾಗಿದ್ದ ಪ್ರಶ್ನೆ ಕೇಳಿದವರನ್ನೇ ಹೊರಗೆ ಹಾಕಿ, ಅವರನ್ನು ಆ ಸ್ಥಿತಿಗೆ ತಂದ ಇಬ್ಬರನ್ನು ಒಳಗೆ ಉಳಿಸಿಕೊಳ್ಳುತ್ತಿದ್ದೆವು. ದೋಷ ಇರುವುದು "ನೀವು ಆ ಕಡೆಯವರಾ" ಎಂಬಲ್ಲಿ. ತೆರಿಗೆಯ ಮಾತು ಅಲ್ಲಿಗೆ ನಿಂತಿತು, ಮನುಷ್ಯನ ಮೇಲಿನ ಮಾತು ಶುರುವಾಯಿತು. ಆ ಹೊತ್ತಿಗೇ ಯಾರಾದರೂ ಮಾಡರೇಟರ್ "ಖೋತಾ ತುಂಬುವುದು ಹೇಗೆ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ" ಎಂದು ಒಂದು ಸಾಲು ಹಾಕಿದ್ದರೆ ಸಾಕಿತ್ತು.

ಈ ಥ್ರೆಡ್‌ನಲ್ಲಿ ಇನ್ನೊಂದು ಗುರುತು ಇದೆ, ಗಮನಿಸಿ. ಮೂರನೆಯವರು ಮೊದಲ ಸಲ "ನೀವು" ಎಂದರು, ಎರಡನೇ ಸಲ "ನಿನ್ನಂಥವರು" ಎಂದರು. ಬಹುವಚನ ಜಾರಿ ಏಕವಚನಕ್ಕೆ ಇಳಿಯುವ ಆ ಜಾಗ ನಮ್ಮ ಭಾಷೆ ನಮಗೆ ಕೊಟ್ಟಿರುವ ಎಚ್ಚರಿಕೆಯ ದೀಪ. ಯಾವ ಕೆಟ್ಟ ಪದಕ್ಕೂ ಮೊದಲು ಅದು ಹತ್ತಿಕೊಳ್ಳುತ್ತದೆ. ಕೆಲವರ ಆಡುಮಾತಿನಲ್ಲಿ ಏಕವಚನವೇ ಸಲಿಗೆ, ಅವರು ಮೊದಲಿನಿಂದಲೂ ಎಲ್ಲರಿಗೂ "ನೀನು" ಎಂದೇ ಬರೆಯುತ್ತಾರೆ, ಅದು ತಪ್ಪಲ್ಲ. ನೋಡಬೇಕಾದದ್ದು ನಡುವೆ ಆದ ಬದಲಾವಣೆಯನ್ನು. ಇದ್ದಕ್ಕಿದ್ದಂತೆ ಅತಿ ಗೌರವ ತೋರಿಸತೊಡಗಿದರೂ ಅದೇ ಸೂಚನೆ. "ಮಹಾನುಭಾವರು", "ಬುದ್ಧಿಜೀವಿಗಳು", "ತಾವು ದೊಡ್ಡವರು ಬಿಡಿ" ಎಂದು ಬಂತೆಂದರೆ ಬೈಗುಳ ಎರಡು ಕಮೆಂಟ್ ದೂರದಲ್ಲಿದೆ.

ಮೊದಲ ಕೆಣಕು ಉಳಿದುಬಿಟ್ಟರೆ ಏನಾಗುತ್ತದೆ ಎನ್ನುವುದನ್ನು ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ಕೆಲವರಿಗೆ ಸುಲಭದ ಪರೀಕ್ಷೆ, ಕೆಲವರಿಗೆ ಮನಸ್ಸು ಕೆಡಿಸುವ ಕಷ್ಟದ ಪರೀಕ್ಷೆ ಕೊಟ್ಟು, ಆಮೇಲೆ ಒಂದು ರಾಜಕೀಯ ಲೇಖನಕ್ಕೆ ಕಮೆಂಟ್ ಬರೆಯಲು ಹೇಳಿದರು. ಮನಸ್ಸು ಹಗುರವಾಗಿದ್ದು, ಮೇಲಿನ ಕಮೆಂಟ್‌ಗಳೂ ಸಮಾಧಾನದ್ದಾಗಿದ್ದಾಗ ಬಂದ ಕಮೆಂಟ್‌ಗಳಲ್ಲಿ ಸುಮಾರು ಶೇ 35ರಷ್ಟು ಕೆಣಕುವಂಥವು. ಮನಸ್ಸೂ ಕೆಟ್ಟು, ಮೇಲೆ ಕೆಣಕು ಕಮೆಂಟ್‌ಗಳೂ ಇದ್ದಾಗ ಅದು ಸುಮಾರು ಶೇ 68. ಅಂದರೆ ಬೈಯುವವರು ಬೇರೆಯೇ ಜಾತಿಯ ಮನುಷ್ಯರೇನಲ್ಲ. ನಿನ್ನೆ ಚೆನ್ನಾಗಿ ಮಾತಾಡಿದವರೇ ಇಂದು ಬೈಯಬಲ್ಲರು. ಥ್ರೆಡ್‌ನ ಮೊದಲ ಐದಾರು ಕಮೆಂಟ್‌ಗಳ ಮೇಲೆ ನಾನು ಅಷ್ಟು ಕಣ್ಣಿಡುವುದು ಇದಕ್ಕೇ.

ಒಬ್ಬರ ಕಾಟವೋ, ಥ್ರೆಡ್‌ನದ್ದೇ ತೊಂದರೆಯೋ?

ಹಾಗೆಂದು ಪ್ರತಿ ಸಲವೂ ಸಂದರ್ಭದ ಮೇಲೆ ಹೊರೆ ಹಾಕಬೇಡಿ. ಅಲೆಕ್ಸಾಂಡರ್ ಬೋರ್ ಮತ್ತು ಮಿಖಾಯೆಲ್ ಪೀಟರ್ಸನ್ ಎಂಬ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಬೇರೆ ಮಾತು: ಆನ್‌ಲೈನ್‌ನಲ್ಲಿ ರಾಜಕೀಯ ಮಾತಾಡುತ್ತಾ ಹಗೆ ಸಾಧಿಸುವವರು ಎದುರಾಬದುರು ಕೂತಾಗಲೂ ಹಾಗೆಯೇ ಇರುತ್ತಾರೆ, ಆನ್‌ಲೈನ್‌ನಲ್ಲಿ ಅವರು ಹೆಚ್ಚು ಜನರ ಕಣ್ಣಿಗೆ ಬೀಳುತ್ತಾರೆ ಅಷ್ಟೇ. ಎರಡು ಅಧ್ಯಯನಗಳೂ ನನ್ನ ಅನುಭವಕ್ಕೆ ಹೊಂದುತ್ತವೆ. ನಿಮ್ಮ ಮುಂದಿರುವುದು ಯಾವುದು ಎಂದು ತಿಳಿಯಲು ಆ ವ್ಯಕ್ತಿಯ ಹಿಂದಿನ ಇಪ್ಪತ್ತು ಕಮೆಂಟ್ ತೆರೆದು ಓದಿ. ಹತ್ತು ನಿಮಿಷದ ಕೆಲಸ.

ಬೇರೆ ಬೇರೆ ವಿಷಯಗಳ ಥ್ರೆಡ್‌ಗಳಲ್ಲಿ, ಬೇರೆ ಬೇರೆ ಜನರ ಜೊತೆ, ಅದೇ ಧಾಟಿಯ ಜಗಳ ಇದ್ದರೆ ದೋಷ ಆ ವ್ಯಕ್ತಿಯದ್ದು. ಸದಾ ನೆಟ್ಟಗೆ ಬರೆಯುವ ನಾಲ್ಕೈದು ಜನ ಒಂದೇ ಥ್ರೆಡ್‌ನಲ್ಲಿ ಒಟ್ಟಿಗೆ ಕೆಟ್ಟಿದ್ದರೆ ದೋಷ ಥ್ರೆಡ್‌ನದ್ದು. ಹಿಂದಿನ ಬರಹವೇ ಇಲ್ಲದ ಹೊಸ ಐಡಿಗಳು, ಒಂದೇ ಗಂಟೆಯೊಳಗೆ, ಹೆಚ್ಚುಕಡಿಮೆ ಒಂದೇ ವಾಕ್ಯದೊಂದಿಗೆ ಬಂದಿದ್ದರೆ ಯಾರೋ ಹೊರಗೆ ನಿಮ್ಮ ಲಿಂಕ್ ಹಂಚಿ ಜನರನ್ನು ನುಗ್ಗಿಸಿದ್ದಾರೆ. ಆಗ ಯಾರ ಜೊತೆಯೂ ವಾದ ಮಾಡಬೇಡಿ. ಹೊಸ ಐಡಿಗಳಿಗೆ ಒಂದೆರಡು ದಿನ ಕಮೆಂಟ್ ಮಾಡಲು ಬಾರದಂತೆ ಇಡಿ, ನುಗ್ಗಿದವರು ಅಷ್ಟರಲ್ಲಿ ಬೇರೆ ಕಡೆ ಹೋಗಿರುತ್ತಾರೆ. ಇನ್ನು, ಹಳಬರೇ, ಎಲ್ಲ ಥ್ರೆಡ್‌ಗಳಲ್ಲೂ, ಕೆಲವು ತಿಂಗಳಿಂದ ಬರಬರುತ್ತಾ ಒರಟಾಗುತ್ತಿದ್ದರೆ ಮಾಡರೇಟರ್‌ಗಳ ಕಡೆ ತಿರುಗಿ ನೋಡಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ದೋಷ ವ್ಯಕ್ತಿಯದ್ದೇ ಎಂದು ಖಚಿತವಾದರೆ ಹೊರಗೆ ಹಾಕಲು ಹಿಂಜರಿಯಬೇಡಿ. ಎಚ್ಚರಿಕೆ, ಒಂದು ವಾರದ ಮ್ಯೂಟ್, ಒಂದು ತಿಂಗಳು, ಆಮೇಲೆ ಕಾಯಂ. "ಒಂದು ಕಡೆ ಓಡಿಸಿದರೆ ಇನ್ನೊಂದು ಕಡೆ ಹೋಗಿ ಅದನ್ನೇ ಮಾಡುತ್ತಾರೆ" ಎಂಬ ಮಾತನ್ನು ನಾನೂ ನಂಬಿದ್ದೆ. ರೆಡ್ಡಿಟ್ ಎಂಬ ಚರ್ಚಾತಾಣ 2015ರಲ್ಲಿ ದ್ವೇಷ ಕಾರುತ್ತಿದ್ದ ಎರಡು ದೊಡ್ಡ ಗುಂಪುಗಳನ್ನು ಮುಚ್ಚಿದಾಗ ಏನಾಯಿತು ಎಂದು ಸಂಶೋಧಕರು 2017ರಲ್ಲಿ ಲೆಕ್ಕ ಹಾಕಿದರು. ಅಲ್ಲಿದ್ದವರಲ್ಲಿ ಬಹಳ ಜನ ರೆಡ್ಡಿಟ್ ಬಿಟ್ಟೇ ಹೋಗಿದ್ದರು. ಉಳಿದವರು ಬೇರೆ ಗುಂಪುಗಳಿಗೆ ಹೋದರೂ ಅವರ ದ್ವೇಷದ ಮಾತು ಕನಿಷ್ಠ ಶೇ 80ರಷ್ಟು ಕಡಿಮೆಯಾಗಿತ್ತು.

ಶೀರ್ಷಿಕೆ, ಸಾಲುಕ್ರಮ, ಕೆಳಮುಖ ಹೆಬ್ಬೆರಳು

ಥ್ರೆಡ್‌ನದ್ದೇ ದೋಷವಾದರೆ ಮೊದಲು ಶೀರ್ಷಿಕೆ ನೋಡಿ. "ಈ ಲೂಟಿಕೋರರನ್ನು ಇನ್ನೂ ಸಮರ್ಥಿಸುವವರು ಯಾರು?" ಎಂದು ಕೇಳಿದ ಮೇಲೆ ಕೆಳಗೆ ಚರ್ಚೆ ನಡೆಯುವ ದಾರಿಯೇ ಇಲ್ಲ. ಒಂದು ಪಾಳಯದವರನ್ನು ಬಾಗಿಲಲ್ಲೇ ಬೈದು ಒಳಗೆ ಕರೆದಂತಾಯಿತು. ಅದೇ ಸಂಗತಿಯನ್ನು "ಈ ಟೆಂಡರ್‌ನಲ್ಲಿ ನಿಯಮ ಮೀರಿದ್ದು ಎಲ್ಲಿ?" ಎಂದು ಕೇಳಬಹುದು. ಪೋಸ್ಟ್ ಹಾಕಿದವರನ್ನು ಕೇಳಿ ಶೀರ್ಷಿಕೆ ಬದಲಿಸಿ. ಸಿಟ್ಟೆಲ್ಲ ಪೋಸ್ಟ್‌ನ ಒಳಗೆ ಬೇಕಾದರೆ ಹಾಗೇ ಇರಲಿ.

ಆಮೇಲೆ ಕಮೆಂಟ್‌ಗಳ ಸಾಲುಕ್ರಮ. "ಹೆಚ್ಚು ಪ್ರತಿಕ್ರಿಯೆ ಬಂದದ್ದು ಮೇಲೆ" ಎಂಬ ಸೆಟ್ಟಿಂಗ್ ಇದ್ದರೆ ತಕ್ಷಣ ತೆಗೆದು ಸಮಯದ ಕ್ರಮಕ್ಕೆ ಬದಲಿಸಿ. ಹೆಚ್ಚು ಪ್ರತಿಕ್ರಿಯೆ ಬರುವುದು ಕೆಣಕಿದ ಮಾತಿಗೇ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಟ್ವಿಟರ್‌ನಲ್ಲಿ ಬಂದೂಕು ನಿಯಂತ್ರಣ, ಸಲಿಂಗ ವಿವಾಹ, ಹವಾಮಾನ ಬದಲಾವಣೆ ಈ ಮೂರು ವಿಷಯಗಳ ಸಂದೇಶಗಳನ್ನು ನೋಡಿತು. ನೀತಿ ಮತ್ತು ಭಾವಾವೇಶ ಎರಡೂ ಬೆರೆತ ಪದ ಒಂದೊಂದು ಸೇರಿದಂತೆಲ್ಲ ಆ ಸಂದೇಶ ಹರಡುವುದು ಸುಮಾರು ಶೇ 20ರಷ್ಟು ಹೆಚ್ಚುತ್ತಿತ್ತು. ಇಂಥ ಮಾತಿಗೆ ಮೊದಲೇ ಓಟ ಜಾಸ್ತಿ, ಅದನ್ನು ಎತ್ತಿ ಮೊದಲ ಸಾಲಿನಲ್ಲಿ ಕೂರಿಸುವ ಕೆಲಸವನ್ನು ನಮ್ಮ ಸೆಟ್ಟಿಂಗ್ ಮಾಡಬಾರದು.

ಕೆಳಮುಖ ಹೆಬ್ಬೆರಳಿನ ಗುಂಡಿ ಇದ್ದರೆ ಅದನ್ನೂ ತೆಗೆಯುವುದು ಒಳ್ಳೆಯದು. ಜನ ಹೆಬ್ಬೆರಳು ಕೆಳಗೆ ಮಾಡಿದರೆ ಬರೆದವರು ತಿದ್ದಿಕೊಳ್ಳುತ್ತಾರೆ ಎಂದುಕೊಳ್ಳುತ್ತೇವೆ. ಸುದ್ದಿತಾಣಗಳ ಕಮೆಂಟ್‌ಗಳ ಮೇಲೆ 2014ರಲ್ಲಿ ನಡೆದ ಅಧ್ಯಯನದಲ್ಲಿ ಕಂಡದ್ದು ಉಲ್ಟಾ: ಹಾಗೆ ತಿರಸ್ಕಾರ ಪಡೆದವರು ಮುಂದೆ ಇನ್ನೂ ಹೆಚ್ಚು ಬರೆದರು, ಇನ್ನೂ ಕೆಟ್ಟದಾಗಿ ಬರೆದರು, ಬೇರೆಯವರಿಗೂ ಅದೇ ತಿರಸ್ಕಾರ ಹಂಚಿದರು.

ಫಿಲ್ಟರ್ ನಂಬಿ ಕೆಟ್ಟರೆ

ಮೇಲೆ ಹೇಳಿದ ತೆರಿಗೆ ಥ್ರೆಡ್‌ನ ಜಗಳ ಮುಗಿದ ಮೇಲೆ ನಮ್ಮಲ್ಲೊಬ್ಬರು "ನಾಯಿ" ಎಂಬ ಪದವನ್ನು ಫಿಲ್ಟರ್‌ನ ತಡೆಪಟ್ಟಿಗೆ, ಅಂದರೆ ಆ ಪದವಿರುವ ಕಮೆಂಟನ್ನು ತಾನಾಗಿಯೇ ತಡೆಯುವ ಪಟ್ಟಿಗೆ, ಸೇರಿಸಿದರು. ಮರುದಿನದಿಂದ ವಿಚಿತ್ರ ದೂರುಗಳು. ಅತ್ಯಂತ ಸಭ್ಯವಾಗಿ ಬರೆಯುವ ಹಿರಿಯರೊಬ್ಬರ ಕಮೆಂಟ್‌ಗಳು ಒಂದರ ಹಿಂದೆ ಒಂದು ಮಾಯವಾಗುತ್ತಿದ್ದವು. ಅವರ ಮೇಲೇ ಯಾರದ್ದೋ ಕಣ್ಣಿದೆ, ಬೇಕೆಂದೇ ಬಾಯಿ ಮುಚ್ಚಿಸುತ್ತಿದ್ದಾರೆ ಎಂಬ ಮಾತೂ ಹಬ್ಬಿತು. ಲಾಗ್, ಅಂದರೆ ದಾಖಲೆ, ತೆಗೆದು ನೋಡಿದಾಗ ತಿಳಿಯಿತು. ಅವರು ಬರೆಯುತ್ತಿದ್ದ ಪದ "ಚುನಾಯಿತ". ಚುನಾಯಿತ ಪ್ರತಿನಿಧಿ, ಚುನಾಯಿತ ಸರ್ಕಾರ. ಆ ಪದದ ಹೊಟ್ಟೆಯೊಳಗೆ "ನಾಯಿ" ಕೂತಿದೆ. ರಾಜಕೀಯ ಚರ್ಚೆಗೆ ಬೇಕೇ ಬೇಕಾದ ಪದವೊಂದನ್ನು ನಮ್ಮ ಫಿಲ್ಟರ್ ಬೈಗುಳ ಎಂದು ನುಂಗುತ್ತಿತ್ತು.

ಇದು ಹಳೆಯ ಕಾಯಿಲೆ. 1996ರಲ್ಲಿ ಅಮೆರಿಕದ ಇಂಟರ್‌ನೆಟ್ ಸೇವಾ ಕಂಪನಿ ಎಒಎಲ್‌ನ ಫಿಲ್ಟರ್ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಊರಿನವರಿಗೆ ಖಾತೆ ತೆರೆಯಲು ಬಿಡಲಿಲ್ಲ, ಊರಿನ ಹೆಸರಿನೊಳಗೆ ಒಂದು ಅಶ್ಲೀಲ ಪದದ ಅಕ್ಷರಗಳು ಸಾಲಾಗಿದ್ದವು. ಅಂದಿನಿಂದ ಈ ದೋಷಕ್ಕೆ ಆ ಊರಿನ ಹೆಸರೇ ನಿಂತಿದೆ. ಕನ್ನಡದಲ್ಲಿ ಇದು ಇನ್ನೂ ಜಟಿಲ. "ಪೂರ್ತಿ ಪದ ಹೊಂದಿದರೆ ಮಾತ್ರ ತಡೆ" ಎಂದು ಬದಲಿಸಿದರೆ ಚುನಾಯಿತ ಉಳಿಯುತ್ತದೆ, ಆದರೆ "ನಾಯಿಗಳಿಗೆ", "ನಾಯಿಗಳನ್ನೆಲ್ಲ" ಎಲ್ಲವೂ ತಪ್ಪಿಸಿಕೊಳ್ಳುತ್ತವೆ. ನಮ್ಮ ಪದಗಳು ವಿಭಕ್ತಿ ಸೇರಿಸಿಕೊಂಡು ಬೆಳೆಯುತ್ತಲೇ ಇರುತ್ತವೆ. "ಪದದ ಆರಂಭದಲ್ಲಿ ಬಂದರೆ ತಡೆ" ಎಂಬುದು ಇದ್ದುದರಲ್ಲಿ ವಾಸಿ. ಆಗಲೂ "ನಾಯಿಕೊಡೆಗಳಂತೆ ಹುಟ್ಟಿಕೊಂಡ ಪಕ್ಷಗಳು" ಎಂದು ಬರೆದವರು ಸಿಕ್ಕಿಬೀಳುತ್ತಾರೆ. ಜೊತೆಗೆ, ಕೆಲವು ಸಾಫ್ಟ್‌ವೇರ್‌ಗಳು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ನೋಡಿ ಪದದ ಗಡಿ ಗುರುತಿಸುತ್ತವೆ. ಕನ್ನಡ ಪದ ಎಲ್ಲಿ ಶುರು, ಎಲ್ಲಿ ಕೊನೆ ಎನ್ನುವುದು ಅವಕ್ಕೆ ತಿಳಿಯುವುದೇ ಇಲ್ಲ. ನಿಮ್ಮದು ಹೇಗಿದೆ ಎಂದು ಪರೀಕ್ಷಿಸಿ ನೋಡಿ.

ಉಲ್ಟಾ ದೋಷವೂ ಇದೆ: ಪಟ್ಟಿಯಲ್ಲಿರುವ ಪದವೇ ಕಣ್ಣೆದುರು ನಿಂತಿದ್ದರೂ ಫಿಲ್ಟರ್ ಸುಮ್ಮನಿರುತ್ತದೆ. ಇದಕ್ಕೆ ಕಾರಣ ಮೂರು. ಒಂದು, ಕನ್ನಡ ಬೈಗುಳವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದಿರುತ್ತಾರೆ, ಅದಕ್ಕೆ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಎರಡು, ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಯೂನಿಕೋಡ್ (ಕಂಪ್ಯೂಟರ್‌ನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ವ್ಯವಸ್ಥೆ) ಚಿಹ್ನೆ ಸೇರಿಕೊಂಡಿರುತ್ತದೆ. ಅಕ್ಷರ ಒತ್ತಾಗದಂತೆ ತಡೆಯಲು ಇರುವ ಚಿಹ್ನೆ ಅದು. ಕನ್ನಡ ಟೈಪ್ ಮಾಡುವಾಗ ಸಹಜವಾಗಿಯೂ ಬರುತ್ತದೆ, ಬೇಕೆಂದೇ ತುರುಕುವವರೂ ಇದ್ದಾರೆ. ಮೂರು, "ಕೊ" ಎಂಬ ಅಕ್ಷರದ ಸ್ವರ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡೂ ಬೇರೆ. ಹೋಲಿಸುವ ಮೊದಲು ಕಾಣದ ಚಿಹ್ನೆಗಳನ್ನು ಕಿತ್ತು, ಸಂಕೇತಗಳನ್ನು ಏಕರೂಪಕ್ಕೆ ತರುವಂತೆ ತಾಂತ್ರಿಕ ಕೆಲಸ ನೋಡುವವರಿಗೆ ಹೇಳಿ.

ಫಿಲ್ಟರ್‌ಗೆ ಅಳಿಸುವ ಅಧಿಕಾರ ಕೊಡಬೇಡಿ. ಅನುಮಾನ ಬಂದದ್ದನ್ನು ತಡೆದು ಮಾಡರೇಟರ್ ಮುಂದೆ ಇಡುವಷ್ಟೇ ಅದರ ಕೆಲಸವಾಗಿರಲಿ. ಪಟ್ಟಿಗೆ ಹೊಸ ಪದ ಸೇರಿಸುವ ಮೊದಲು ಹಿಂದಿನ ಸಾವಿರ ಕಮೆಂಟ್‌ಗಳಲ್ಲಿ ಆ ಅಕ್ಷರಗಳನ್ನು ಹುಡುಕಿ ನೋಡಿ, ಯಾವುದೆಲ್ಲ ಸಿಕ್ಕಿಬೀಳುತ್ತದೆ ಎಂದು ತಿಳಿಯುತ್ತದೆ. ಆ ಹಿರಿಯರ ಕ್ಷಮೆ ಕೇಳಿ, ನಡೆದದ್ದನ್ನು ಎಲ್ಲರೆದುರು ವಿವರಿಸಿದೆವು. ಅವರು ಮತ್ತೆ ಬರೆಯಲು ಶುರುಮಾಡಿದ್ದು ಎರಡು ವಾರದ ಮೇಲೆ.

ನಿಜ ಹೆಸರು ಕಡ್ಡಾಯ ಮಾಡಿದರೆ?

ಪ್ರತಿ ಗಲಾಟೆಯ ನಂತರ ಯಾರಾದರೂ ಈ ಸಲಹೆ ಕೊಡುತ್ತಾರೆ. ದಕ್ಷಿಣ ಕೊರಿಯಾ ಇದನ್ನು 2007ರಲ್ಲಿ ಕಾನೂನನ್ನೇ ಮಾಡಿ ನೋಡಿತು: ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ಗುರುತು ದೃಢಪಡಿಸಲೇಬೇಕು. 2011ರಲ್ಲಿ ಒಂದು ದೊಡ್ಡ ಕಂಪನಿಯಿಂದ ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಸೋರಿಹೋಯಿತು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಆ ನಿಯಮವನ್ನು ರದ್ದು ಮಾಡಿತು. ವಿಕಿಪೀಡಿಯಾದ ಚರ್ಚಾಪುಟಗಳ ಮೇಲಿನ 2017ರ ಅಧ್ಯಯನದಲ್ಲಿ, ಅನಾಮಿಕರು ಬರೆದ ಕಮೆಂಟ್ ನಿಂದನೆಯಾಗುವ ಸಾಧ್ಯತೆ ಹೆಚ್ಚಿದ್ದರೂ ಒಟ್ಟು ನಿಂದನೆಗಳಲ್ಲಿ ಅವರ ಪಾಲು ಅರ್ಧಕ್ಕಿಂತ ಕಡಿಮೆ ಇತ್ತು. ಮಿಕ್ಕದ್ದು ಖಾತೆ ಇರುವವರದ್ದೇ. ಸರ್ಕಾರಿ ನೌಕರಿಯಲ್ಲಿರುವವರು, ಮನೆಯವರಿಗಿಂತ ಬೇರೆ ನಿಲುವು ಇರುವವರು, ಸಣ್ಣ ಸಮುದಾಯದವರು ಅಡ್ಡಹೆಸರಿನ ಹಿಂದೆ ನಿಂತೇ ಧೈರ್ಯವಾಗಿ ಮಾತಾಡುತ್ತಾರೆ. ಅವರ ಬಾಯಿಗೆ ಬೀಗ ಹಾಕುವ ಪರಿಹಾರ ನನಗೆ ಬೇಡ.

ದೋಷ ನಮ್ಮಲ್ಲೇ ಇದ್ದರೆ

ಮಾಡರೇಟರ್‌ಗಳಿಗೂ ರಾಜಕೀಯ ಇರುತ್ತದೆ. ಇರಬಾರದು ಎನ್ನುವುದು ಆಗದ ಮಾತು. ಅದು ಕೈಗೆ ಇಳಿಯುತ್ತಿದೆಯೇ ಎಂದು ಆಗಾಗ ಪರೀಕ್ಷೆ ಮಾಡಿಕೊಳ್ಳುವುದು ನಮ್ಮಿಂದ ಆಗುವ ಮಾತು.

ಕಳೆದ ತಿಂಗಳು ನೀವು ತೆಗೆದ ಮೂವತ್ತು ಕಮೆಂಟ್‌ಗಳನ್ನೂ, ರಿಪೋರ್ಟ್ ಬಂದರೂ ಉಳಿಸಿದ ಮೂವತ್ತನ್ನೂ ಒಂದೆಡೆ ಹಾಕಿ. ಬರೆದವರ ಹೆಸರು ಅಳಿಸಿ. ಪಕ್ಷ, ನಾಯಕ, ಸಮುದಾಯದ ಹೆಸರು ಬಂದ ಕಡೆಯೆಲ್ಲ ಎದುರು ಪಾಳಯದ ಹೆಸರು ಹಾಕಿ. ಈಗ ಅವನ್ನು ಇನ್ನೊಬ್ಬ ಮಾಡರೇಟರ್‌ಗೆ ಕೊಟ್ಟು, ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಕೇಳಿ.

ನಾನು ಮೊದಲ ಸಲ ಇದನ್ನು ಮಾಡಿಸಿದಾಗ ಆ ರಾತ್ರಿ ನಿದ್ದೆ ಬರಲಿಲ್ಲ. "ಇವರ ಮನೆಯವರಿಗೂ ಇದೇ ಗತಿ ಬರಲಿ, ಆಗ ಗೊತ್ತಾಗುತ್ತೆ" ಎಂಬ ಒಂದೇ ಧಾಟಿಯ ಮಾತು ಎರಡೂ ಕಡೆಯಿಂದ ಬಂದಿತ್ತು. ಒಂದನ್ನು ನಾನು ಹತ್ತು ನಿಮಿಷದೊಳಗೆ ತೆಗೆದಿದ್ದೆ. ಇನ್ನೊಂದು ಎರಡು ದಿನ ಹಾಗೇ ನಿಂತಿತ್ತು. ಅದನ್ನು ಓದುವಾಗ "ಪಾಪ, ನೊಂದು ಬರೆದಿದ್ದಾರೆ" ಎಂದು ನನಗೆ ಅನ್ನಿಸಿತ್ತು. ಎರಡನೆಯದು ನನ್ನ ಒಲವಿನ ಕಡೆಯವರದ್ದು. ಆ ಎರಡು ದಿನ ಇನ್ನೊಂದು ಕಡೆಯವರು ಅದನ್ನು ನೋಡಿದ್ದಾರೆ, ರಿಪೋರ್ಟ್ ಮಾಡಿದ್ದಾರೆ, ಉತ್ತರ ಬಾರದ್ದನ್ನೂ ನೋಡಿದ್ದಾರೆ. ಇಲ್ಲಿ ನ್ಯಾಯ ಸಿಗುವುದಿಲ್ಲ ಎಂದು ತಿಳಿದವರು ಒಂದೋ ಬಿಟ್ಟುಹೋಗುತ್ತಾರೆ, ಇಲ್ಲವೇ ತಮ್ಮ ನ್ಯಾಯವನ್ನು ತಾವೇ ಮಾಡಿಕೊಳ್ಳುತ್ತಾರೆ. ಹಳಬರು ಬರಬರುತ್ತಾ ಒರಟಾಗುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದು. ಈಗ ನಮ್ಮಲ್ಲಿ ಒಂದೇ ಒಲವಿನ ಇಬ್ಬರು ಒಂದೇ ಪಾಳಿಯಲ್ಲಿ ಇರುವುದಿಲ್ಲ, ಕಾಯಂ ನಿಷೇಧಕ್ಕೆ ಬೇರೆ ಒಲವಿನ ಇನ್ನೊಬ್ಬರ ಸಹಿ ಬೇಕು.

ಇನ್ನೊಂದು ದೋಷ, ಮೌನವಾಗಿ ಅಳಿಸುವುದು. ಕಾರಣ ಹೇಳದೆ ತೆಗೆದ ಕಮೆಂಟ್ ಒಂದು ಹೊಸ ಜಗಳದ ಬೀಜ. ರೆಡ್ಡಿಟ್‌ನ ದತ್ತಾಂಶದ ಮೇಲೆ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತೆಗೆದದ್ದಕ್ಕೆ ಕಾರಣ ಕೊಟ್ಟಾಗ ಮುಂದೆ ಅವರ ಬರಹ ಮತ್ತೆ ತೆಗೆಯಬೇಕಾಗುವ ಪ್ರಸಂಗ ಕಡಿಮೆಯಾಗುತ್ತದೆ. ಕಾರಣವನ್ನು ಮನುಷ್ಯರು ಮನುಷ್ಯರಿಗೆ ಬರೆದಂತೆ ಬರೆಯಿರಿ. ತೆರಿಗೆ ಥ್ರೆಡ್‌ನ ಮೂರನೆಯವರಿಗೆ ನಾವು ಕಳಿಸಿದ್ದು ಹೀಗಿತ್ತು: "ನಿಮ್ಮ ಎರಡು ಕಮೆಂಟ್ ತೆಗೆದಿದ್ದೇವೆ. ಅವು ತೆರಿಗೆಯ ಬಗ್ಗೆ ಇರಲಿಲ್ಲ, ಪ್ರಶ್ನೆ ಕೇಳಿದವರ ಬಗ್ಗೆ ಇದ್ದವು. ಖೋತಾ ತುಂಬುವ ಬಗ್ಗೆ ನಿಮ್ಮ ಉತ್ತರ ಬರೆದರೆ ಅದು ಖಂಡಿತ ಉಳಿಯುತ್ತದೆ. ನಮ್ಮ ತೀರ್ಮಾನ ತಪ್ಪು ಅನ್ನಿಸಿದರೆ ಇಲ್ಲೇ ಹೇಳಿ, ಬೇರೆಯವರು ನೋಡುತ್ತಾರೆ." ಎರಡನೆಯವರಿಗೂ ಒಂದು ಎಚ್ಚರಿಕೆ ಹೋಯಿತು, ಆದರೆ ಮೊದಲು ಕೆಣಕಿದ್ದು ಅವರಲ್ಲ ಎಂಬುದನ್ನು ನಾವು ನೋಡಿದ್ದೇವೆ ಎಂದು ಅದರಲ್ಲೇ ಬರೆದಿದ್ದೆವು. ಆ ಒಂದು ವಾಕ್ಯಕ್ಕಾಗಿ ಅವರು ಧನ್ಯವಾದ ಹೇಳಿದರು.

ಏಟು ಯಾರಿಗೆ ಬೀಳುತ್ತಿದೆ?

ನಮ್ಮ ಲಾಗ್‌ಗಳಲ್ಲಿ ಬೈದವರ ಹೆಸರು ಇರುತ್ತದೆ, ಬೈಸಿಕೊಂಡವರದ್ದು ಇರುವುದಿಲ್ಲ. ಒಂದು ಕಾಲಂ ಸೇರಿಸಿ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2016ರಲ್ಲಿ ತನ್ನ 7 ಕೋಟಿ ಕಮೆಂಟ್‌ಗಳನ್ನು ಪರಿಶೀಲಿಸಿದಾಗ, ಅತಿ ಹೆಚ್ಚು ನಿಂದನೆಗೆ ಗುರಿಯಾದ ಹತ್ತು ಬರಹಗಾರರಲ್ಲಿ ಎಂಟು ಮಂದಿ ಮಹಿಳೆಯರು, ಉಳಿದಿಬ್ಬರು ಕಪ್ಪುವರ್ಣೀಯ ಪುರುಷರು ಎಂದು ತಿಳಿಯಿತು. ಅಲ್ಲಿ ಬರೆಯುವವರಲ್ಲಿ ಹೆಚ್ಚಿನವರು ಬಿಳಿಯ ಪುರುಷರಾಗಿದ್ದರೂ ಹೀಗೆ. ಒಂದೊಂದು ಕಮೆಂಟನ್ನೇ ಬಿಡಿಯಾಗಿ ನೋಡುತ್ತಿದ್ದರೆ ಈ ಚಿತ್ರ ಎಂದಿಗೂ ಕಾಣುವುದಿಲ್ಲ. ಒಬ್ಬ ಮಹಿಳೆ ಬಜೆಟ್ ಬಗ್ಗೆ ಬರೆದಾಗ ಬಂದ "ಮೇಡಂ, ಮನೆಯ ಲೆಕ್ಕ ನೋಡಿಕೊಳ್ಳಿ ಸಾಕು" ಎಂಬ ಕಮೆಂಟ್ ಒಂದೇ ಇದ್ದರೆ ಸಣ್ಣದೆನಿಸುತ್ತದೆ. ಅವರು ಬರೆದ ಪ್ರತಿ ಪೋಸ್ಟ್‌ನ ಕೆಳಗೂ, ಬೇರೆ ಬೇರೆಯವರಿಂದ, ಅದು ಇದೆ ಎಂದು ಕಾಲಂ ತೋರಿಸಿದಾಗ ನೀವು ತೆಗೆದುಕೊಳ್ಳುವ ತೀರ್ಮಾನ ಬದಲಾಗುತ್ತದೆ.

ಮತ್ತೆ ತೆರೆಯುವಾಗ

ಕೈಲಾಗದೆ ಮುಚ್ಚಿಬಿಡುವುದೂ ಒಂದು ದಾರಿ. ಪಾಪ್ಯುಲರ್ ಸೈನ್ಸ್ ಪತ್ರಿಕೆ 2013ರಲ್ಲಿ, ಅಮೆರಿಕದ ಎನ್‌ಪಿಆರ್ ರೇಡಿಯೊ 2016ರಲ್ಲಿ ತಮ್ಮ ತಾಣದ ಕಮೆಂಟ್‌ಗಳನ್ನು ನಿಲ್ಲಿಸಿದವು. ನೋಡಿಕೊಳ್ಳಲು ಜನರಿಲ್ಲದಿದ್ದರೆ ನೀವೂ ನಿಲ್ಲಿಸಿ, ಅದರಲ್ಲಿ ನಾಚಿಕೆಯಿಲ್ಲ. ಜನರಿದ್ದರೆ ಮಾತ್ರ ತೆರೆಯಿರಿ.

ತೆರೆಯುವಾಗ ಥ್ರೆಡ್‌ನ ತಲೆಯ ಮೇಲೆ ನಿಯಮಗಳನ್ನು ಪಿನ್ ಮಾಡಿ. ಇದು ಬರೀ ಶಾಸ್ತ್ರಕ್ಕೆ ಅಂದುಕೊಂಡಿದ್ದೆ. ನಾಥನ್ ಮಥಾಯಸ್ ಎಂಬ ಸಂಶೋಧಕರು 2,190 ವಿಜ್ಞಾನ ಚರ್ಚೆಗಳಲ್ಲಿ ಇದನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು: ನಿಯಮ ಕಣ್ಣೆದುರು ಇದ್ದಾಗ ಹೊಸಬರು ಅದನ್ನು ಪಾಲಿಸುವ ಪ್ರಮಾಣ 8 ಶೇಕಡಾ ಅಂಶಗಳಿಗೂ ಹೆಚ್ಚು ಏರಿತು, ಹೊಸಬರ ಭಾಗವಹಿಸುವಿಕೆ ಸರಾಸರಿ ಶೇ 70ರಷ್ಟು ಹೆಚ್ಚಿತು. ನಿಯಮ ಹಾಕಿದರೆ ಜನ ಹೆದರಿ ಓಡುತ್ತಾರೆ ಎಂಬ ಭಯ ಬೇಡ. ಮೂರೇ ಸಾಲು ಇರಲಿ. ಹದಿನೆಂಟು ನಿಯಮಗಳ ಪಟ್ಟಿಯನ್ನು ಯಾರೂ ಓದುವುದಿಲ್ಲ.

ರಿಪೇರಿ ಆಯಿತೇ ಎಂದು ತಿಳಿಯಲು ಡಿಲೀಟ್‌ಗಳ ಸಂಖ್ಯೆ ಇಳಿಯಿತೇ ಎಂದು ಮಾತ್ರ ನೋಡಬೇಡಿ. ಒಂದು ಪಾಳಯ ಪೂರ್ತಿ ಬಿಟ್ಟುಹೋದರೂ ಅದು ಇಳಿಯುತ್ತದೆ. ಎರಡೂ ಕಡೆಯವರು ಇನ್ನೂ ಬರೆಯುತ್ತಿದ್ದಾರೆಯೇ, ಒಮ್ಮೆ ಏಟು ತಿಂದವರು ಮರಳಿದ್ದಾರೆಯೇ, ಹೊಸಬರ ಎರಡನೇ ಕಮೆಂಟ್ ಬರುತ್ತಿದೆಯೇ ಎಂದು ಒಂದು ತಿಂಗಳು ಗಮನಿಸಿ.

ಲಾಕ್ ತೆಗೆದ ಮೊದಲ ಅರ್ಧ ಗಂಟೆ ಅಲ್ಲಿಂದ ಕದಲಬೇಡಿ. ತೆರಿಗೆ ಥ್ರೆಡ್ ಮತ್ತೆ ತೆರೆದಾಗ ಖೋತಾದ ಪ್ರಶ್ನೆಯನ್ನು ನಾನೇ ಮೇಲೆ ಎತ್ತಿ ಬರೆದೆ. ಹನ್ನೊಂದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಆ ಮೊದಲನೆಯವರು, ತೆರಿಗೆ ಇಳಿಸಲೇಬೇಕು ಎಂದಿದ್ದವರು, ಬಂದು ಬರೆದರು: "ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ನನಗೆ ತೋಚಿದ್ದು ಇಷ್ಟು." ಕೆಳಗೆ ಒಂದು ಲೆಕ್ಕ ಇತ್ತು. ಅದರಲ್ಲಿ ಒಂದು ಅಂಕಿ ತಪ್ಪಾಗಿತ್ತು. ಎರಡನೆಯವರು ಅದನ್ನು ತಿದ್ದಿದರು, "ನೀವು" ಎಂದೇ.